ಎರಡು ಸಲ ನೋಡುವ ಚಿಕ್ಕಮ್ಮ

ಆಕೆ ಆ ಕಂಪನಿಗೆಲ್ಲ ಚಿಕ್ಕಮ್ಮ. ಯಜಮಾನನಿಗೆ ನಿಜವಾದ ಚಿಕ್ಕಮ್ಮ, ಅಕ್ಕ ತೀರಿಕೊಂಡಾಗ ಏಳು ವರ್ಷದ ಅವನನ್ನು ಕರೆತಂದು ಸಾಕಿದವಳು. ಉಳಿದ ಒಂಬತ್ತು ಮಂದಿಗೆ ಬಾಯಿಮಾತಿನ ಚಿಕ್ಕಮ್ಮ. ಕಂಪನಿ ಎಂದರೆ ಮೂರನೇ ಮಹಡಿಯ ಎರಡು ಕೋಣೆ. ಅಲ್ಲಿ ಅಂಗೈಯಗಲದ ಬಿಳಿ ಪೆಟ್ಟಿಗೆಗಳು ತಯಾರಾಗುತ್ತಿದ್ದವು. ಮನೆಯಲ್ಲಿ ಗ್ಯಾಸ್ ಸೋರಿದರೆ ಅವು ಕಿವಿ ಹರಿಯುವಂತೆ ಕೂಗಬೇಕು. ಪೆಟ್ಟಿಗೆಯನ್ನು ಗಾಜಿನ ಡಬ್ಬಿಯೊಳಗಿಟ್ಟು, ಲೈಟರಿನಿಂದ ಒಂದಿಷ್ಟು ಗ್ಯಾಸ್ ಬಿಟ್ಟು, ಕೂಗಿದರೆ ಅದರ ತಳಕ್ಕೆ ಮುದ್ರೆ ಒತ್ತುವುದು ಚಿಕ್ಕಮ್ಮನ ಕೆಲಸ.

ಹದಿನಾಲ್ಕು ತಿಂಗಳ ಹಿಂದೆ ಒಂದು ಪೆಟ್ಟಿಗೆ ಅಂಚೆಯಲ್ಲಿ ವಾಪಸು ಬಂತು. ಜೊತೆಗೊಂದು ಚೀಟಿ. 'ಗ್ಯಾಸ್ ಸೋರಿ ನಮ್ಮ ಮಾವ ನಿದ್ದೆಯಲ್ಲೇ ಹೋದರು. ಅವರಿಗೆ ಕಿವಿ ಮಂದ, ನಿಮ್ಮ ಪೆಟ್ಟಿಗೆಯ ತಪ್ಪಿಲ್ಲ. ಮನೆ ಖಾಲಿ ಮಾಡಿದ್ದೇವೆ.' ಕೆಳಗೆ ಫೋನ್ ನಂಬರು. ಚಿಕ್ಕಮ್ಮ ಅದನ್ನು ಡಬ್ಬಿಯೊಳಗಿಟ್ಟು ಗ್ಯಾಸ್ ಬಿಟ್ಟಳು. ಪೆಟ್ಟಿಗೆ ಕಮಕ್ ಕಿಮಕ್ ಅನ್ನಲಿಲ್ಲ.

"ಅಂಚೇಲಿ ಬಿದ್ದು ಕೆಟ್ಟಿರಬಹುದು ಚಿಕ್ಕಮ್ಮ. ಯಾರ ಮುಂದೇನೂ ಬಾಯಿ ಬಿಡಬೇಡಿ. ಕಂಪನಿ ಮುಳುಗತ್ತೆ" ಎಂದ ಯಜಮಾನ, ಆಕೆಯ ಸಾಕುಮಗ. ಆದರೆ ಪೆಟ್ಟಿಗೆಯ ನಂಬರು ಆಕೆಗೆ ಗುರುತಿತ್ತು. ಅದು ತಯಾರಾದ ದಿನ ಲಾರಿ ಕಾಯುತ್ತಿದೆ ಎಂದು ಕೊನೆಯ ಹತ್ತಕ್ಕೆ ನೋಡದೆಯೇ ಮುದ್ರೆ ಒತ್ತಿದ್ದಳು. ಉಳಿದ ಒಂಬತ್ತನ್ನು ಏನೋ ನೆಪ ಹೇಳಿ ತರಿಸಿ ನೋಡಿದಳು. ಎಲ್ಲವೂ ಕೂಗಿದವು. ಅಂದಿನಿಂದ ಪ್ರತಿಯೊಂದನ್ನೂ ಎರಡು ಸಲ ನೋಡುತ್ತಾಳೆ. ಅತ್ತಿಲ್ಲ. ಉಣ್ಣುತ್ತಾಳೆ, ಮಲಗುತ್ತಾಳೆ, ಬಸ್ಸು ಹತ್ತುತ್ತಾಳೆ. ಒಳಗೆ ಮಾತ್ರ ಏನೂ ಇಲ್ಲ.

ಹೀಗಿರುವಾಗ ವ್ಯಾಪಾರ ಕಲಿಯುವ ಐದು ವಿದ್ಯಾರ್ಥಿಗಳು ಪರದೇಶದಿಂದ ಬಂದಿಳಿದರು. ಹತ್ತು ದಿನದ ಅಧ್ಯಯನ ಪ್ರವಾಸ. ಸಣ್ಣ ಕಂಪನಿಗಳಿಗೆ ಬುದ್ಧಿ ಹೇಳಿದರೆ ಅವರಿಗೆ ಅಂಕ. ಈಜು ಬಾರದವರು ದಡದಲ್ಲಿ ನಿಂತು ಕೈ ಹೇಗೆ ಬೀಸಬೇಕೆಂದು ಹೇಳುವ ವಿದ್ಯೆ ಅದು. ಆದರೆ ಮಕ್ಕಳು ಕೆಟ್ಟವರಲ್ಲ. ಬಂದ ಮೂರನೇ ದಿನವೇ ಕೆಲಸ ಎಲ್ಲಿ ಸಿಕ್ಕಿಕೊಂಡು ತಡವಾಗುತ್ತಿದೆ ಎಂದು ಹಿಡಿದರು: ಚಿಕ್ಕಮ್ಮನ ಮೇಜಿನಲ್ಲಿ.

ಅವರಲ್ಲೊಬ್ಬ ಹುಡುಗಿಗೆ ಇಲ್ಲಿಯ ಮಾತು ಬರುತ್ತಿತ್ತು. ಅಜ್ಜಿಯಿಂದ ಕಲಿತದ್ದು, ಹಾಗಾಗಿ ಇಪ್ಪತ್ಮೂರರ ಬಾಯಲ್ಲಿ ಎಂಬತ್ತರ ಮಾತು. 'ಯಾಕೆ' ಎಂದು ಐದು ಸಲ ಕೇಳಿದರೆ ಯಾವ ತೊಂದರೆಯ ಬೇರೂ ಸಿಗುತ್ತದೆಂದು ಅವರ ಪಾಠವಂತೆ. ಹುಡುಗಿ ಸ್ಟೂಲು ಎಳೆದುಕೊಂಡು, ಉತ್ತರಕ್ಕೊಂದರಂತೆ ಬರೆಯಲು ಹಳದಿ ಚೀಟಿಗಳ ಕಟ್ಟು ಹಿಡಿದು ಕೂತಳು.

"ಒಂದು ಪೆಟ್ಟಿಗೆಗೆ ಆರು ನಿಮಿಷ ಯಾಕೆ ತಾಯಿ?"

"ಎರಡು ಸಲ ನೋಡ್ತೀನಿ."

"ಎರಡು ಸಲ ಯಾಕೆ?"

"ಒಂದು ಸಲಕ್ಕೆ ನಂಬಿಕೆ ಬರಲ್ಲ."

"ಯಾಕೆ ಬರಲ್ಲ?"

"ಪೆಟ್ಟಿಗೆ ಮೇಲಲ್ಲ. ನನ್ನ ಮೇಲೆ."

ಬಾಗಿಲಲ್ಲಿ ಮಗ ಬಂದು ನಿಂತಿದ್ದ. ಸುಮ್ಮಸುಮ್ಮನೆ ಕೆಮ್ಮಿದ. ಚಿಕ್ಕಮ್ಮನಿಗೆ ಕೇಳಿಸಿತು.

"ನಿಮ್ಮ ಮೇಲೆ ಯಾಕೆ ನಂಬಿಕೆ ಇಲ್ಲ?"

"ಒಂದ್ಸಲ ನೋಡದೇನೇ ಮುದ್ರೆ ಒತ್ತಿದ್ದೆ."

"ಅದು ಯಾಕೆ?"

"ಲಾರಿ ಕಾಯ್ತಿತ್ತು. ಒಬ್ಬರು ವಯಸ್ಸಾದೋರು ಸತ್ತುಹೋದ್ರು." ನಂಬರು ಓದಿ ಹೇಳುವ ದನಿಯಲ್ಲೇ ಹೇಳಿದಳು.

ಹುಡುಗಿಯ ಪೆನ್ನು ನಿಂತಿತು. "ಅಯ್ಯೋ ನನ್ನವ್ವ" ಎಂದಳು. ಮಗ ನಗುನಗುತ್ತ ಒಳಬಂದು, "ಬನ್ನಿ, ಕಾಫಿ ಆರಿಹೋಗತ್ತೆ" ಎಂದು ಅವಳನ್ನು ಎಬ್ಬಿಸಿಕೊಂಡು ಹೋದ. ಆ ಕಾಫಿ ಮುಗಿಯಲು ಒಂದು ಗಂಟೆ ಹಿಡಿಯಿತು.

ಕೊನೆಯ ದಿನ ಮಕ್ಕಳು ತಾವು ಕಂಡದ್ದನ್ನು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರು. ಐದು ಹಳದಿ ಚೀಟಿಗಳ ಜಾಗದಲ್ಲಿ ನಾಲ್ಕೇ ಇದ್ದವು, ನಾಲ್ಕನೆಯದರಲ್ಲಿ 'ಜವಾಬ್ದಾರಿಯ ಅರಿವು' ಎಂದಿತ್ತು. ಅವರ ಸಲಹೆ: ಎರಡನೇ ಸಲ ನೋಡುವುದನ್ನು ಬಿಡಬೇಡಿ, ಅದನ್ನೇ ಸಾರಿ ಹೇಳಿ, ಜನ ಪೆಟ್ಟಿಗೆಯನ್ನಲ್ಲ, ನಂಬಿಕೆಯನ್ನು ಕೊಳ್ಳುತ್ತಾರೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿ ನೆಲ ನೋಡುತ್ತ ನಿಂತಿದ್ದಳು. "ನಿಮ್ಮ ಕೆಲಸಾನೂ ಉಳೀತು, ಕಂಪನೀನೂ ಉಳೀತು" ಎಂದು ಮಗ ಚಿಕ್ಕಮ್ಮನ ಭುಜ ಒತ್ತಿದ. ಆಕೆಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಕ್ಕಳು ವಿಮಾನ ಹತ್ತಿದರು.

ಮೂರು ವಾರಕ್ಕೆ ಹೊಸ ರಟ್ಟಿನ ಡಬ್ಬಗಳು ಬಂದವು. ಪ್ರತಿಯೊಂದರ ಮೇಲೂ ಚಿಕ್ಕಮ್ಮನ ಫೋಟೊ. ಕೆಳಗೆ 'ಎರಡು ಸಲ ನೋಡಿಯೇ ನಿಮ್ಮ ಮನೆಗೆ ಕಳಿಸುತ್ತೇನೆ.' ಒಂದನ್ನು ಕೈಗೆತ್ತಿಕೊಂಡು ಆಕೆ ತನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ನಾಚಿಕೆಯಾಯಿತು. ಇಷ್ಟು ತಿಂಗಳಲ್ಲಿ ಆಕೆಯ ಒಳಗೆ ಆದದ್ದು ಅದೊಂದೇ. ಗಾಜಿನಾಚೆ ಮಗ ಬಂಡವಾಳ ಹಾಕುವವರೊಡನೆ ನಗುತ್ತ ಮಾತಾಡುತ್ತಿದ್ದ. ತಾನು ತುತ್ತಿಟ್ಟು ಸಾಕಿದ ಮಗು. ಚಿಕ್ಕಮ್ಮ ಅತ್ತ ಬೆನ್ನು ಮಾಡಿ, ವಾಪಸು ಬಂದ ಪೆಟ್ಟಿಗೆಯ ಜೊತೆಗಿದ್ದ ಚೀಟಿಯ ಫೋನ್ ನಂಬರು ಒತ್ತಿದಳು.

"ಓ, ಪೆಟ್ಟಿಗೆಯವರಾ!" ಕಂಪನಿಯ ಹೆಸರು ಹೇಳಿದ ಕೂಡಲೇ ಆ ಮನೆಯ ಸೊಸೆ ಗುರುತು ಹಿಡಿದಳು. "ಒಂದು ಮಾತು ಕೇಳ್ಲಾ? ಕಿವಿ ಕೇಳದವರನ್ನ ಒಬ್ಬರನ್ನೇ ಬಿಟ್ಟು ನಾವು ಊರಿಗೆ ಹೋಗಿದ್ವಿ. ಈಗ್ಲೂ ಮಲಗಿದ್ರೆ ಆ ಪೆಟ್ಟಿಗೆ ಕೂಗಿದ ಹಾಗೇ ಆಗುತ್ತೆ ನಂಗೆ. ಎಷ್ಟೊತ್ತು ಕೂಗಿರ್ಬೋದು ಅದು?"

"ಇಲ್ಲಮ್ಮ," ಎಂದಳು ಚಿಕ್ಕಮ್ಮ. "ಅದು ಕೂಗ್ಲೇ ಇಲ್ಲ. ಕೂಗುತ್ತಾ ಅಂತ ನೋಡ್ದೆ ಮುದ್ರೆ ಒತ್ತಿದವಳು ನಾನು."