ಅರ್ಧ ವಿಷದ ಹಾವು

ಮುನವಳ್ಳಿ ಬಳಿಯ ಕಾಲುವೆಯಲ್ಲಿ ಗೇಟು ಏರಿಸಿ ಇಳಿಸುವುದು ಬುಡನಸಾಬನ ನೌಕರಿ. ಹೆಸರು ತಂದುಕೊಟ್ಟದ್ದು ಮಾತ್ರ ಹಾವು ಹಿಡಿಯುವ ಕೆಲಸ. ಹಿಡಿದ ಹಾವನ್ನು ಗಡಿಗೆಗೆ ಇಳಿಸಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ನೆರೆದವರಿಗೆ ಹಾವಿನ ಜಾತಕ ಹೇಳುತ್ತಿದ್ದ. ಹೆಡೆಯ ಮೇಲೆ ಗುರುತಿಲ್ಲದ ನಾಗರ ಸಿಕ್ಕರೆ ಅವನ ಮಾತು ಒಂದೇ.

"ಇದು ಬೆರಕಿ ಐತ್ರಿ. ಅವ್ವ ನಾಗರ, ಅಪ್ಪ ವಿಷ ಇಲ್ಲದ ಕೇರಿ ಹಾವು. ವಿಷ ಅರ್ಧಾನ."

ಹತ್ತು ವರ್ಷ ಹೀಗೆ ಹೇಳಿದ. ಊರು ನಂಬಿತು.

೨೦೦೩ರಲ್ಲಿ ಸವದತ್ತಿಯಿಂದ ಸುಮೇಧ ಎಂಬ ಜೀವಶಾಸ್ತ್ರದ ಉಪನ್ಯಾಸಕರು ಅವನ ಹಾವು ನೋಡಲು ಬಂದರು. ಹತ್ತಿರದ ಸಂಬಂಧದ ಹಾವುಗಳು ಬೆರೆಯುವುದುಂಟು, ಆ ಸಂತತಿ ಸಾವಿರಾರು ತಲೆಮಾರು ಬೇರೆಯಾಗಿಯೇ ಉಳಿದರೆ ಹೊಸ ಜಾತಿಯೇ ಆಗಬಹುದು ಎಂದು ವಿವರಿಸಿದರು.

"ಆದ್ರ ಕೇರಿ, ನಾಗರ ಭಾಳ ದೂರದವು ಬುಡನಸಾಬ್ರ. ಮರಿ ಆಗೂದಿಲ್ಲ. ಇದು ಪೂರಾ ನಾಗರ."

"ಹೆಣಕೊಂಡು ಆಡೂದನ್ನ ಕಣ್ಣಾರೆ ನೋಡೇನ್ರಿ ಸರ್."

"ಒಂದು ಕೇರಿ. ಇನ್ನೊಂದು?"

ಬುಡನಸಾಬ ನೆನಪಿಸಿಕೊಂಡ. "ಅದೂ ಕೇರೀನ ಇತ್ರಿ."

"ಎರಡೂ ಗಂಡು. ಅದು ಕುಸ್ತಿ."

ಬುಡನಸಾಬ ಅವರಿಗೆ ಚಹಾ ಕುಡಿಸಿ ಕಳಿಸಿದ. ಊರಿಗೆ ಏನೂ ಹೇಳಲಿಲ್ಲ.

ಮರುವರ್ಷ ಕಬ್ಬಿನ ಹೊಲದಲ್ಲಿ ಬೀರಪ್ಪನಿಗೆ ಹಾವು ಕಚ್ಚಿತು. ಬುಡನಸಾಬ ಓಡಿಬಂದು ಅದನ್ನು ಗಡಿಗೆಗೆ ಸೇರಿಸಿದ. ಹೆಡೆಯ ಮೇಲೆ ಗುರುತಿರಲಿಲ್ಲ. ಅದನ್ನು ನೋಡಿದ್ದ ಬೀರಪ್ಪ ಬದುವಿನ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಏಳೋ, ದವಾಖಾನಿಗೆ ನಡಿ."

"ಬೆರಕಿ ಅಲ್ಲೇನ್ ಕಾಕಾ? ಅರ್ಧಾ ವಿಷಕ್ಕ ಇಂಜೆಕ್ಷನ್ ಯಾಕ?"

"ಬೆರಕಿ ಅನ್ನೂದ ಇಲ್ಲ. ನಾ ಹೇಳಿದ್ದು ಸುಳ್ಳು."

ಬೀರಪ್ಪನ ತಾಯಿ ತಾಯವ್ವ ಸೊಂಟದ ಮೇಲೆ ಕೈ ಇಟ್ಟಳು. "ಹತ್ತು ವರ್ಷ ಹೇಳಿದ್ದು ಸುಳ್ಳೋ, ಇವತ್ತ ಹೇಳಿದ್ದು ಸುಳ್ಳೋ? ಆ ಗಡಿಗ್ಯಾಗ ಕೈ ಹಾಕು, ನೋಡೂಣು."

ಬುಡನಸಾಬ ಗಡಿಗೆಯತ್ತ ನೋಡಿದ.

"ಹಾಕೂದಿಲ್ಲ."

"ಯಾಕ?"

"ಸಾಯತೇನಿ."

ಬೀರಪ್ಪ ಎಲೆ ಎಸೆದು ಎದ್ದ. ತಾಯವ್ವ ರಸ್ತೆಗೆ ಓಡಿ ಹಾಲಿನ ಟೆಂಪೊ ತಡೆದಳು.

ಸವದತ್ತಿ ಮುಟ್ಟುವಷ್ಟರಲ್ಲಿ ಬೀರಪ್ಪನ ರೆಪ್ಪೆಗಳು ಇಳಿದಿದ್ದವು, ಮಾತು ತೊದಲುತ್ತಿತ್ತು. ಇಂಜೆಕ್ಷನ್ ಸಿಕ್ಕಿತು. ಐದನೆಯ ದಿನ ಮನೆಗೆ ನಡೆದುಕೊಂಡೇ ಬಂದ.

ಆಮೇಲೂ ಹಾವು ಹಿಡಿಯಲು ಬುಡನಸಾಬನನ್ನೇ ಕರೆಯುತ್ತಿದ್ದರು. ಯಾವ ಹಾವು ಎಂದು ಕೇಳಿದರೆ "ನಾಗರ" ಎನ್ನುತ್ತಿದ್ದ, ಅಷ್ಟೇ. ನಿಂತು ಕೇಳುವವರು ಕಡಿಮೆಯಾದರು. ಕಚ್ಚಿಸಿಕೊಂಡವರು ಮಾತ್ರ ಯಾರೂ ಬದುವಿನ ಮೇಲೆ ಕೂರಲಿಲ್ಲ.