ಡ್ರಿಪ್ ಪೈಪು ಮತ್ತು ಕಾಕಾನ ಗುಳಿಗೆ

ನಮ್ಮೂರು ಇಂಡಿಯಲ್ಲಿ ಪಕ್ಕದ ಲಿಂಬೆ ತೋಟದ ಕಾಕಾ ಮಾತಾಡುತ್ತಲೇ ಡ್ರಿಪ್ ಪೈಪನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಏನೇ ಕೆಟ್ಟರೂ ಅವರದು ಒಂದೇ ಮಾತು: "ನೀರಿಗಿ ದಾರಿ ಬಿಟ್ರ ಸಾಕು, ತಮ್ಮಾ."

ಎದೆಯ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ ಎಂದು ಡಾಕ್ಟರು ಅವರಿಗೆ ಗುಳಿಗೆ ಬರೆದುಕೊಟ್ಟರು. ಕಾಕಾ ಅದನ್ನು ಬಿಟ್ಟು ದಿನಾ ಲಿಂಬೆರಸ ಕುಡಿಯತೊಡಗಿದರು. ಗಡಸು ನೀರಿನಿಂದ ಪೈಪಿನೊಳಗೆ ಕಟ್ಟುವ ಉಪ್ಪನ್ನು ಆ್ಯಸಿಡ್ ಕರಗಿಸುತ್ತದಲ್ಲ, ಲಿಂಬೆಯೂ ಹುಳಿಯೇ ಅಲ್ಲವೇ ಎಂಬುದು ಅವರ ಲೆಕ್ಕ.

ನಾನು ಮೊಬೈಲಿನಲ್ಲಿ ಓದಿದ ನ್ಯಾನೋಕಣಗಳ ವಿಷಯವನ್ನೆಲ್ಲ ಹೇಳಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಔಷಧಿ ಹೊತ್ತು ಆ ಕೊಬ್ಬಿನೊಳಗೇ ಹೋಗುತ್ತವೆ, ಅಲ್ಲಿನ ಕಸವನ್ನು ನಮ್ಮದೇ ಜೀವಕೋಶಗಳು ತಿನ್ನುವಂತೆ ಮಾಡುತ್ತವೆ.

"ಇಂಡಿಗಿ ಯಾವಾಗ ಬರ್ತೈತಿ?"

"ಇನ್ನೂ ಪರೀಕ್ಷಾದಾಗ ಐತ್ರಿ, ಕಾಕಾ."

"ಮೊದಲ ಪಾಸಾಗಲಿ ಬಿಡು. ಅಲ್ಲಿಮಟ ನನ್ನ ಲಿಂಬಿರಸಾನ ಭೇಷ್."

ಅಂದು ಅವರು ಪೈಪಿಗೆ ಆ್ಯಸಿಡ್ ಬಿಟ್ಟಿದ್ದರು. ಉಪ್ಪು ಪೂರ್ತಿ ಕರಗಲಿಲ್ಲ. ಒಂದು ಪದರ ಕಿತ್ತುಬಂದು ನೀರಿನೊಂದಿಗೆ ಸಾಗಿ ಮುಂದೆ ಸಿಕ್ಕಿಕೊಂಡು, ನೀರೇ ನಿಂತಿತು. ಕಾಕಾ ಪೈಪಿನ ತುದಿಯ ಮುಚ್ಚಳ ಬಿಚ್ಚಿದರು. ಬಿಳಿ ಚೂರು ನೀರಿನೊಂದಿಗೆ ಹೊರಗೆ ಬಿತ್ತು.

"ಎದಿಯೊಳಗೂ ಹಿಂಗ ಕಿತ್ತು ಬಂದ್ರ ಯಾವ ಮುಚ್ಚಳ ಬಿಚ್ಚತೀರಿ, ಕಾಕಾ?" ಎಂದೆ. "ಅದು ಕಿತ್ತು ಬರಬಾರದಂತನ ಡಾಕ್ಟರು ಗುಳಿಗಿ ಕೊಟ್ಟಾರ್ರಿ."

ಕಾಕಾ ಹೆಬ್ಬೆರಳನ್ನು ಪೈಪಿನಿಂದ ತೆಗೆದು ಎದೆಯ ಮೇಲಿಟ್ಟುಕೊಂಡರು. ಆಮೇಲೆ ತೋಟದ ಮನೆಯಲ್ಲಿದ್ದ ಹೆಂಡತಿಗೆ ಕೂಗಿ ಹೇಳಿದರು:

"ಏ, ಆ ಗುಳಿಗಿ ತಗೊಂಡ್ ಬಾ. ನೀರೂ ತಾ. ಲಿಂಬಿ ಹಿಂಡಬ್ಯಾಡ."