ಚಿಗವ್ವನ ಗ್ಯಾಸು

ನನ್ನ ಬಾಯಿಗೆ ಸಿಗದೆ ಉಳಿದವರು ಯಾರೂ ಇಲ್ಲ. ಬಸ್ಸಿನ ಕಂಡಕ್ಟರ್ ಮೂಗಿನಲ್ಲಿ "ಹಿಟ್ನಾಳ ಕ್ರಾಸ್ ಇಳಿಯೋರು ಬರ್ರೀ" ಅನ್ನುವುದು, ಸೋದರಮಾವ ಇಡೀ ಓಣಿಗೆ ಕೇಳುವಂತೆ ಫೋನಿಗೆ "ಹಲೋ" ಅನ್ನುವುದು, ಎಲ್ಲ ನನ್ನ ಗಂಟಲಲ್ಲಿವೆ. ನಿನ್ನದೇ ದನಿ ಯಾವುದಪ್ಪಾ ಅಂತ ಕೇಳಿದರೆ ಮಾತ್ರ ತಡವರಿಸುತ್ತೇನೆ. ಫೇಲಾದಾಗ ಅಪ್ಪನ ಮುಂದೆ ಹೊರಡುವ ಆಡಿನ ಮರಿಯ ದನಿ ಇರಬೇಕು.

ಮನೆಯವರು ಕೇಳಿ ಕೇಳಿ ಮಾಡಿಸುತ್ತಿದ್ದುದು ಚಿಗವ್ವನ ದನಿ. ಅವ್ವನ ತಂಗಿ ಅವಳು, ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ನರ್ಸು. ಗಂಗಾವತಿಯ ನಮ್ಮ ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಅದಕ್ಕೆ ಒಂದೇ ಹೆಸರು: ಗ್ಯಾಸ್. ಎದೆ ಹಿಡಿದುಕೊಂಡು ಬಂದು, "ಏನಿಲ್ಲ ಸಿಸ್ಟರ್, ಗ್ಯಾಸ್ ಆಗೇತಿ, ಸೋಡಾ ಕುಡದ್ರ ಹೋಗ್ತೈತಿ" ಅನ್ನುವವರನ್ನು ಕಂಡರೆ ಅವಳಿಗೆ ಉರಿ. ಸೊಂಟದ ಮೇಲೆ ಕೈಯಿಟ್ಟು ಗದರುತ್ತಿದ್ದಳು: "ಗ್ಯಾಸಲ್ಲೋ ಯಪ್ಪಾ, ಗ್ಯಾಸಲ್ಲ! ಸೋಡಾ ಆಮ್ಯಾಲೆ ಕುಡಿಯಂತಿ. ಮೊದಲ ಇಸಿಜಿ ತಗಸು."

ಅವ್ವನ ಸೀರೆ ಹೆಗಲಿಗೆ ಹಾಕಿಕೊಂಡು ನಾನು ಇದನ್ನು ಮಾಡಿದರೆ ಚಿಗವ್ವ ಕಣ್ಣೊರೆಸಿಕೊಳ್ಳುತ್ತ, "ಮಂಗ್ಯಾ, ನಾಳಿಂದ ನನ್ನ ಡ್ಯೂಟಿಗೆ ನೀನ ಹೋಗು, ನಾ ಮಲಕೋತೀನಿ" ಅನ್ನುತ್ತಿದ್ದಳು.

ಅವಳಿಗೆ ಸಿಗದಿದ್ದದ್ದೇ ಆ ನಿದ್ದೆ. ಒಂದು ವಾರ ಹಗಲು, ಒಂದು ವಾರ ರಾತ್ರಿ. ಬುತ್ತಿ ಬಿಚ್ಚಲು ಪುರುಸೊತ್ತಾಗದ ದಿನ ಹಿಟ್ನಾಳದಲ್ಲಿ ಬಸ್ಸಿನ ಕಿಟಕಿಗೆ ಬರುವ ಮಿರ್ಚಿ ಬಜ್ಜಿಯೇ ಊಟ. ಉಪ್ಪು ಕಡಿಮೆ ಮಾಡ್ರಿ ಅಂತ ರೋಗಿಗಳಿಗೆ ಹೇಳಿ ಬಂದ ಬಾಯಿಗೇ ಉಪ್ಪಿನಕಾಯಿ. ಊರ ಮಂದಿಯ ಬಿಪಿ ನೋಡುವವಳು. ಅವಳ ತೋಳಿಗೆ ಆ ಪಟ್ಟಿ ಸುತ್ತಿದ್ದನ್ನು ನಾನು ಕಾಣೆ. ನಮ್ಮ ಅಜ್ಜನೂ ಎದೆನೋವಿನಲ್ಲೇ ಹೋದವನು. ಈ ಲೆಕ್ಕವೆಲ್ಲ ಈಗಿನದು. ಆಗ ಇದೆಲ್ಲ ನನಗೆ ನಗಿಸುವ ಸರಕು.

ಒಂದು ಭಾನುವಾರ ಹೊಸದೊಂದು ಸೇರಿಸಿದೆ: ಚಿಗವ್ವ ಮಾಳಿಗೆ ಹತ್ತುವುದು. ಐದನೇ ಮೆಟ್ಟಿಲಲ್ಲಿ ನಿಂತೆ. ಗೋಡೆಗೆ ಕೈಯಿಟ್ಟು ಸಣ್ಣಗೆ "ಹ್ಹ" ಅಂದು, ಬಾಯಿ ತುಂಬ ಗಾಳಿ ಎಳೆದುಕೊಂಡು, "ಏನಿಲ್ಲ ಅಕ್ಕಾ, ಗ್ಯಾಸು" ಅಂದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ಚಿಗವ್ವ. ಅವ್ವ ಮಾತ್ರ ನಗು ನಿಲ್ಲಿಸಿ ಅವಳ ಕಡೆ ತಿರುಗಿದಳು.

"ಖರೇನ ಹಂಗ ನಿಂದರ್ತಿಯೇನ?"

"ಈ ಮಂಗ್ಯಾನ ಮಾತ ಏನ ಕೇಳ್ತಿ, ಅಕ್ಕಾ."

"ದವಾಖಾನ್ಯಾಗ ಇರ್ತಿ. ಒಂದ ಸಲ ತೋರಸಬೇ."

"ತೋರಸೂಣು. ಡ್ಯೂಟಿ ಹಗಲಿಗೆ ಬರ್ಲಿ."

ಅವಳ ದಮ್ಮು ಹತ್ತುವುದನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಂಡ ಕಿವಿ ನನ್ನದೇ. ಅವಳ ದನಿಯಲ್ಲೇ ಅವಳಿಗೆ "ಗ್ಯಾಸಲ್ಲ" ಅನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ನಗು ಇಳಿದುಹೋಗಿತ್ತು. ನಗದ ಮಂದಿಯ ಮುಂದೆ ನನಗೆ ಬಾಯಿ ಬರುವುದಿಲ್ಲ.

ಎರಡು ವಾರದ ಮೇಲೆ, ಮಧ್ಯಾಹ್ನ, ವಾರ್ಡಿನ ಕುರ್ಚಿಯಲ್ಲಿ ಕೂತಲ್ಲೇ ಚಿಗವ್ವ ಹೋದಳು. ಬುತ್ತಿ ಬಿಚ್ಚಿರಲಿಲ್ಲ. ಜೊತೆಯ ಕಿರಿಯ ನರ್ಸಿಗೆ, "ಒಂದ ಸೋಡಾ ತರಸ ತಂಗಿ" ಅಂದಿದ್ದಳಂತೆ.

ಆಮೇಲೆ ಒಂದು ವರ್ಷ ನಾನು ಆ ದನಿ ಮುಟ್ಟಲಿಲ್ಲ. ಮೊನ್ನೆ ಅವ್ವನಿಗೆ ಸಕ್ಕರೆ ಪರೀಕ್ಷೆ ಮಾಡಿಸಲು ಅದೇ ಆಸ್ಪತ್ರೆಗೆ ಹೋಗಿದ್ದೆ. ಆ ಕಿರಿಯ ನರ್ಸು ಎದುರಾಗಿ, ನಮ್ಮ ಜೊತೆ ಮಾತಾಡುತ್ತ ಮೆಟ್ಟಿಲು ಹತ್ತುತ್ತಿದ್ದವಳು ಅರ್ಧಕ್ಕೇ ನಿಂತು ಗೋಡೆ ಹಿಡಿದಳು.

"ಯಾಕವ್ವಾ?" ಅಂದಳು ಅವ್ವ.

"ಏನಿಲ್ರಿ. ಮುಂಜಾನಿಂದ ಏನೂ ತಿಂದಿಲ್ಲ. ಗ್ಯಾಸು."

ನನಗೆ ತಿಳಿಯುವ ಮೊದಲೇ ಚಿಗವ್ವನ ದನಿ ಹೊರಬಿದ್ದಿತ್ತು: "ಗ್ಯಾಸಲ್ಲ ತಂಗಿ, ಗ್ಯಾಸಲ್ಲ! ಮೊದಲ ಇಸಿಜಿ ತಗಸು."

ಯಾರೂ ನಗಲಿಲ್ಲ. ಅವ್ವ ನನ್ನತ್ತ ನೋಡಲಿಲ್ಲ. ಮೆಟ್ಟಿಲ ಮೇಲ್ಗಡೆ ನೋಡಿದಳು, ಅಲ್ಲಿಂದ ಯಾರೋ ಇಳಿದು ಬರುತ್ತಾರೆ ಅನ್ನುವ ಹಾಗೆ. ನಾನೂ ನೋಡಿದೆ. ನರ್ಸು "ಹೂಂ ಅಕ್ಕಾರ" ಅಂದಳು. ನನಗಲ್ಲ, ಅವ್ವನಿಗೂ ಅಲ್ಲ. ತಿರುಗಿ ಇಸಿಜಿ ಕೋಣೆಯ ಕಡೆ ಮೆಲ್ಲಗೆ ಇಳಿದು ಹೋದಳು.

ವಾಪಸು ಬರುವಾಗ ಹಿಟ್ನಾಳದಲ್ಲಿ ಕಿಟಕಿಗೆ ಮಿರ್ಚಿ ಬಂತು. ಅವ್ವ ಬೇಡ ಅಂದಳು. ಬಸ್ಸು ಬಿಟ್ಟ ಮೇಲೆ ನನ್ನ ಮೊಣಕೈ ಮುಟ್ಟಿ, "ಇನ್ನೊಂದ ಸಲ ಆಕಿ ದನಿ ಮಾಡೋ" ಅಂದಳು.

ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಹೊರಬಂದದ್ದು ಆಡಿನ ಮರಿಯ ದನಿ.